ಎಂಜಿನ್ ಬೇರಿಂಗ್: ಸದ್ದು ಗುರುತಿಸುವುದು, ನಂಬರ್ ಓದುವುದು, ಸರಿಯಾಗಿ ಕೂರಿಸುವುದು

ಬೈಕ್ ಎಂಜಿನ್ನಿನ ಬೇರಿಂಗ್ ಕುರಿತು ಬಂದ ಪತ್ರಗಳಿಗೆ ಈ ಬಾರಿಯ ಪುಟಗಳನ್ನು ಮೀಸಲಿಟ್ಟಿದ್ದೇವೆ. ಒಂದು ಮಾತು ಎಲ್ಲ ಉತ್ತರಗಳಿಗೂ ಅನ್ವಯಿಸುತ್ತದೆ. ಬೇರಿಂಗ್ ತಾನಾಗಿಯೇ ಹಾಳಾಗುವುದು ಅಪರೂಪ. ಆಯಿಲ್, ಕೂರುವ ಜಾಗ, ಕ್ರ್ಯಾಂಕಿನ (ಪಿಸ್ಟನ್ನಿನ ಓಟವನ್ನು ತಿರುಗುವಿಕೆಯಾಗಿಸುವ ಶಾಫ್ಟ್) ನೇರ, ನೀರು ಇವುಗಳಲ್ಲಿ ಯಾವುದೋ ಒಂದು ಅದನ್ನು ಹಾಳುಮಾಡಿರುತ್ತದೆ. ಆ ಕಾರಣ ಹುಡುಕದೆ ಹೊಸ ಬೇರಿಂಗ್ ಹಾಕಿದರೆ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಪ್ರಶ್ನೆ: ನನ್ನ ಆರ್‌ಎಕ್ಸ್ 100ಕ್ಕೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. ಆದರೂ ಎಂಜಿನ್ ಕೆಳಭಾಗದಿಂದ ಗುಂಯ್ ಎನ್ನುವ ಸದ್ದು ಬರುತ್ತಿದೆ, ಬಿಳಿ ಹೊಗೆಯೂ ನಿಂತಿಲ್ಲ. ಕ್ರ್ಯಾಂಕ್ ಬೇರಿಂಗ್ ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಎನ್ನುತ್ತಾರೆ ಮೆಕ್ಯಾನಿಕ್. ಬಿಚ್ಚದೆ ಖಚಿತಪಡಿಸಿಕೊಳ್ಳಲು ಆಗುತ್ತದೆಯೇ? – ಓದುಗರು, ಶಿವಮೊಗ್ಗ

ಉತ್ತರ: ಬಹುಪಾಲು ಆಗುತ್ತದೆ. ಮೊದಲು ಕ್ಲಚ್ ಪರೀಕ್ಷೆ ಮಾಡಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಐಡಲ್ ಬಿಟ್ಟು ಕ್ಲಚ್ ಹಿಡಿಯಿರಿ. ಸದ್ದು ನಿಂತರೆ ತೊಂದರೆ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗಿನಲ್ಲಿ, ಕ್ರ್ಯಾಂಕಿನಲ್ಲಲ್ಲ. ಕ್ಲಚ್ ಹಿಡಿದಾಗ ಗೇರ್‌ಬಾಕ್ಸಿನ ಒಳಬರುವ ಶಾಫ್ಟ್ ನಿಲ್ಲುತ್ತದೆ, ಕ್ರ್ಯಾಂಕ್ ಮಾತ್ರ ತಿರುಗುತ್ತಲೇ ಇರುತ್ತದೆ. ಸದ್ದು ಹಾಗೆಯೇ ಮುಂದುವರಿದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮ್ಯಾಗ್ನೆಟ್ (ಕರೆಂಟ್ ಉತ್ಪಾದಿಸುವ ಚಕ್ರ) ಬದಿಯ ಕೇಸಿಗೂ (ಎಂಜಿನ್ನಿನ ಹೊರಕವಚ) ಆಮೇಲೆ ಕ್ಲಚ್ ಬದಿಯ ಕೇಸಿಗೂ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ. ಕ್ರ್ಯಾಂಕ್ ಬೇರಿಂಗಿನದು ಆರ್‌ಪಿಎಂ ಜೊತೆಗೆ ಏರುವ ಒಂದೇ ಸಮನೆಯ ಗುರುಗುಟ್ಟುವ ಸದ್ದು. ಆಕ್ಸಲೇಟರ್ ಕೊಟ್ಟು ಬಿಟ್ಟಾಗ ಟಕ್ ಟಕ್ ಎಂದು ಹೊಡೆದರೆ ಅದು ಕನೆಕ್ಟಿಂಗ್ ರಾಡಿನ ಕೆಳತುದಿ. ಎಂಜಿನ್ ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವ ಸದ್ದು ಪಿಸ್ಟನ್ನಿನದು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮ್ಯಾಗ್ನೆಟ್ ಕವರ್ ತೆಗೆದು, ಮ್ಯಾಗ್ನೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ತಿಳಿಯುವಷ್ಟು ಪ್ಲೇ (ಸಡಿಲ) ಇರಬಾರದು. ಒಳಗೆ ಹೊರಗೆ ತಳ್ಳಿ ಎಳೆದಾಗ ಸ್ವಲ್ಪ ಸರಿದರೆ ಅದನ್ನು ದೋಷವೆಂದು ತಿಳಿಯಬೇಡಿ. ಕ್ರ್ಯಾಂಕನ್ನು ಕೈಯಿಂದ ನಿಧಾನ ತಿರುಗಿಸುವಾಗ ಮರಳು ಸಿಕ್ಕಂತೆ ಗರಗರ ಎಂದರೆ, ಅಥವಾ ಒಂದು ಜಾಗದಲ್ಲಿ ಹಿಡಿದು ಬಿಟ್ಟಂತಾದರೆ, ಬೇರಿಂಗ್ ಮುಗಿದಿದೆ.

ಬಿಳಿ ಹೊಗೆಯ ವಿಷಯ ಬೇರೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸಿನೊಳಗೆ ಪ್ರತಿ ಸುತ್ತಿಗೂ ಒತ್ತಡ ಮತ್ತು ಎಳೆತ ಎರಡೂ ಆಗುತ್ತವೆ. ಕ್ಲಚ್ ಬದಿಯ ಆಯಿಲ್ ಸೀಲ್ ಹರಿದಿದ್ದರೆ ಎಳೆತದ ಹೊತ್ತಿನಲ್ಲಿ ಗೇರ್ ಆಯಿಲ್ ಒಳಗೆ ಬಂದು ಉರಿಯುತ್ತದೆ. ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ಮಟ್ಟವೂ ಇಳಿಯುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋಗಿದ್ದರೆ ಹೊಗೆ ಬರುವುದಿಲ್ಲ. ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಐಡಲ್ ತಾನಾಗಿಯೇ ಏರುತ್ತದೆ, ಪಿಸ್ಟನ್ ಹಿಡಿಯುವ ಅಪಾಯ ಇದರಲ್ಲೇ ಹೆಚ್ಚು. ಸಾಧ್ಯವಿದ್ದರೆ ಕಾರ್ಬುರೇಟರ್ ಬಾಯಿ ಮತ್ತು ಸೈಲೆನ್ಸರ್ ಬಾಯಿ ಮುಚ್ಚಿ, ಪ್ಲಗ್ ತೂತಿನಿಂದ 6 ಪಿಎಸ್‌ಐ ಗಾಳಿ ತುಂಬಿಸಿ ನೋಡಿ. ಗೇಜಿನ ಮುಳ್ಳು ಹಲವು ನಿಮಿಷ ನಿಲ್ಲಬೇಕು. ಇಳಿದರೆ ಸೋಪು ನೀರು ಹಚ್ಚಿ ಎಲ್ಲಿ ಗುಳ್ಳೆ ಏಳುತ್ತದೆ ನೋಡಿ. 10 ಪಿಎಸ್‌ಐ ದಾಟಿಸಬೇಡಿ, ಒಳ್ಳೆಯ ಸೀಲೂ ಜಾಗ ಬಿಟ್ಟು ಹೊರಬರಬಹುದು.

ನಿಮ್ಮ ಗಾಡಿಯಲ್ಲಿ ಎರಡೂ ಲಕ್ಷಣಗಳಿವೆ. ಬೇರಿಂಗ್ ಸವೆದು ಕ್ರ್ಯಾಂಕ್ ಅಲ್ಲಾಡಿದಾಗ ಸೀಲಿನ ತುಟಿ ಹರಿಯುವುದು ಸಹಜ. ಎಂಜಿನ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಎರಡೂ ಬದಿಯ ಬೇರಿಂಗ್, ಎರಡೂ ಸೀಲ್ ಒಟ್ಟಿಗೆ ಬದಲಿಸಿ. ಒಂದನ್ನು ಉಳಿಸಿದರೆ ಆಗುವ ಉಳಿತಾಯ ಮುಂದಿನ ಮಜೂರಿಗೇ ಹೋಗುತ್ತದೆ.

ಪ್ರಶ್ನೆ: ಹಳೆಯ ಬೇರಿಂಗ್ ಮೇಲೆ 6305 ಸಿ3 ಎಂದಿತ್ತು. ಅಂಗಡಿಯಲ್ಲಿ ಬರೀ 6305 ಕೊಟ್ಟು ಎರಡೂ ಒಂದೇ ಎಂದರು. ನಿಜವೇ? – ಓದುಗರು, ದಾವಣಗೆರೆ

ಉತ್ತರ: ಒಂದೇ ಅಲ್ಲ. ಹೊರಗಿನ ಅಳತೆ ಒಂದೇ, ಒಳಗಿನ ಸಡಿಲ ಬೇರೆ.

ನಂಬರ್ ಓದುವ ಕ್ರಮ ಹೀಗೆ. ಮೊದಲ 6 ಎಂದರೆ ಒಂದು ಸಾಲು ಗುಂಡಿನ ಸಾಮಾನ್ಯ ಬಾಲ್ ಬೇರಿಂಗ್. ಎರಡನೆಯದು ಸರಣಿ: 2 ಹಗುರ, 3 ಅದಕ್ಕಿಂತ ದಪ್ಪ. ಕೊನೆಯ ಎರಡು ಅಂಕಿಗಳು 04 ಅಥವಾ ಅದಕ್ಕಿಂತ ಮೇಲಿದ್ದರೆ 5ರಿಂದ ಗುಣಿಸಿ, ಒಳವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 6305ರ ಒಳವ್ಯಾಸ 25, ಹೊರವ್ಯಾಸ 62, ಅಗಲ 17 ಮಿ.ಮೀ. 6205ರದು 25, 52, 15. 6304ರದು 20, 52, 15. ಕೊನೆಯ ಎರಡಕ್ಕೂ ಹೊರವ್ಯಾಸ ಮತ್ತು ಅಗಲ ಒಂದೇ ಆಗಿರುವುದರಿಂದ ಕಣ್ಣಳತೆಯಲ್ಲಿ ಅದಲು ಬದಲಾಗುತ್ತದೆ, ವರ್ನಿಯರ್ ಹಿಡಿದು ಒಳವ್ಯಾಸ ನೋಡಿ. 04ಕ್ಕಿಂತ ಕೆಳಗೆ ಈ ಲೆಕ್ಕ ನಡೆಯುವುದಿಲ್ಲ: 00 ಎಂದರೆ 10, 01 ಎಂದರೆ 12, 02 ಎಂದರೆ 15, 03 ಎಂದರೆ 17 ಮಿ.ಮೀ. 63/22 ಎಂದು ಗೆರೆ ಹಾಕಿ ಬರೆದಿದ್ದರೆ ಒಳವ್ಯಾಸ ನೇರವಾಗಿ 22. ಇಂಥದ್ದಕ್ಕೆ ಬದಲಾಗಿ 6304 ಅಥವಾ 6305 ಕೂರಿಸಲು ಯಾರಾದರೂ ಹೊರಟರೆ ಬಿಡಬೇಡಿ.

ಇನ್ನು ಸಿ3. 20ರಿಂದ 30 ಮಿ.ಮೀ. ಒಳವ್ಯಾಸದ ಬೇರಿಂಗಿಗೆ ಸಾಮಾನ್ಯ ಸಡಿಲ 5ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಸಿ3ಗೆ 13ರಿಂದ 28. ಕ್ರ್ಯಾಂಕ್ ಮೇಲೆ ಬಿಗಿಯಾಗಿ ಕೂತಾಗ ಒಳ ರೇಸ್ (ಗುಂಡು ಓಡುವ ಉಕ್ಕಿನ ಬಳೆ) ಹಿಗ್ಗುತ್ತದೆ, ಕೇಸಿನೊಳಗೆ ಬಿಗಿಯಾಗಿ ಕೂತಾಗ ಹೊರ ರೇಸ್ ಕುಗ್ಗುತ್ತದೆ. ಎಂಜಿನ್ ಓಡುವಾಗ ಕ್ರ್ಯಾಂಕ್ ಕೇಸಿಗಿಂತ ಹೆಚ್ಚು ಬಿಸಿಯಾಗುವುದರಿಂದ ಒಳ ರೇಸ್ ಇನ್ನಷ್ಟು ಹಿಗ್ಗುತ್ತದೆ. ಸಾಮಾನ್ಯ ಬೇರಿಂಗಿನಲ್ಲಿ ಇಷ್ಟೆಲ್ಲ ಕಳೆದ ಮೇಲೆ ಗುಂಡಿಗೆ ಜಾಗವೇ ಉಳಿಯದೆ ಹೋಗಬಹುದು. ಆಗ ಬಿಸಿ ಏರುತ್ತದೆ, ಬಿಸಿಯಿಂದ ಇನ್ನೂ ಬಿಗಿಯಾಗುತ್ತದೆ, ಸ್ವಲ್ಪ ದಿನದಲ್ಲೇ ಕೂಗಲು ಶುರುಮಾಡುತ್ತದೆ. ಹೊಸ ಸಿ3 ಬೇರಿಂಗ್ ಕೈಯಲ್ಲಿ ಹಿಡಿದಾಗ ಸ್ವಲ್ಪ ಅಲ್ಲಾಡುತ್ತದೆ. ಹಾಳಾಗಿದೆ ಎಂದು ವಾಪಸ್ ಕೊಡಬೇಡಿ, ಅದು ಹಾಗೆಯೇ ಇರಬೇಕು. ಗೇರ್‌ಬಾಕ್ಸ್ ಬೇರಿಂಗುಗಳು ಬಹಳಷ್ಟು ಎಂಜಿನ್ನಿನಲ್ಲಿ ಸಾಮಾನ್ಯ ಸಡಿಲದವೇ. ಹಳೆಯದರ ಮೇಲೆ ಏನಿದೆಯೋ ಅದನ್ನೇ ಹಾಕಿ.

ಉಳಿದ ಅಕ್ಷರಗಳು: ಝಡ್‌ಝಡ್ ಎಂದರೆ ಎರಡೂ ಬದಿ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರ್ ಮುಚ್ಚಳ, ಎನ್ ಎಂದರೆ ಹೊರ ರೇಸಿನಲ್ಲಿ ಸರ್ಕ್ಲಿಪ್ (ಬೇರಿಂಗ್ ಸರಿಯದಂತೆ ಹಿಡಿಯುವ ಉಂಗುರ) ಕೂರುವ ತೋಡು. ಟೂ-ಸ್ಟ್ರೋಕ್ ಕ್ರ್ಯಾಂಕ್ ಬೇರಿಂಗಿಗೆ ಪೆಟ್ರೋಲಿನ ಜೊತೆ ಬರುವ ಆಯಿಲೇ ಜೀವ. ಕಂಪನಿ ತೆರೆದ ಬೇರಿಂಗ್ ಹಾಕಿದ್ದ ಜಾಗಕ್ಕೆ ಮುಚ್ಚಳದ್ದು ಹಾಕಿದರೆ ಒಳಗಿನ ಗ್ರೀಸ್ ಕರಗಿ ಹೋಗುತ್ತದೆ, ಆಯಿಲ್ ಒಳಗೆ ಬರುವುದಿಲ್ಲ.

ಹಳೆಯ ಬ್ರಿಟಿಷ್ ಬೈಕ್ ಇಟ್ಟುಕೊಂಡವರಿಗೆ ಒಂದು ಮಾತು. ಅವುಗಳಲ್ಲಿ ಇಂಚಿನ ಬೇರಿಂಗ್ ಇರುತ್ತವೆ. ಆರ್‌ಎಲ್‌ಎಸ್ 8 ಎನ್ನುವುದು 1 ಇಂಚು ಒಳವ್ಯಾಸ, ಎರಡೂಕಾಲು ಇಂಚು ಹೊರವ್ಯಾಸ. 25 ಮತ್ತು 25.4 ಮಿ.ಮೀ. ಹತ್ತಿರ ಕಾಣುತ್ತವೆ ಎಂದು ಶಾಫ್ಟ್ ಉಜ್ಜಿಸಿ 6205 ಕೂರಿಸಿದವರು ಕ್ರ್ಯಾಂಕನ್ನೇ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಯೆಜ್ಡಿ ರೋಡ್‌ಕಿಂಗ್ ಎಂಜಿನ್ ಕಟ್ಟಬೇಕಿದೆ. ಕಂಪನಿ ಮುಚ್ಚಿ ಕಾಲವಾಯಿತು. ಬೇರಿಂಗ್, ರಾಡ್ ಕಿಟ್ ಎಲ್ಲಿ ಸಿಗುತ್ತದೆ? ನಕಲಿ ಗುರುತಿಸುವುದು ಹೇಗೆ? – ಓದುಗರು, ಮಂಡ್ಯ

ಉತ್ತರ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೆ ಬಾಲ್ ಬೇರಿಂಗಿನ ಮಟ್ಟಿಗೆ ನೀವು ಚಿಂತೆ ಮಾಡಬೇಕಿಲ್ಲ. ಅವು ಅಂತರರಾಷ್ಟ್ರೀಯ ಅಳತೆಯವು, ಪಂಪ್‌ಸೆಟ್ಟಿಗೂ ಮೋಟಾರಿಗೂ ಬಳಸುವಂಥವೇ. ಆದ್ದರಿಂದ ಬೇರಿಂಗನ್ನು ಬೈಕ್ ಸ್ಪೇರ್ಸ್ ಅಂಗಡಿಯಲ್ಲಿ ಹುಡುಕುವ ಬದಲು ಬೇರಿಂಗ್ ಅಂಗಡಿಗೇ ಹೋಗಿ. ಹಳೆಯದರ ನಂಬರ್ ಅಳಿಸಿದ್ದರೆ ಒಳವ್ಯಾಸ, ಹೊರವ್ಯಾಸ, ಅಗಲ ಮೂರನ್ನೂ ಅಳೆದುಕೊಂಡು ಹೋಗಿ. ಎಸ್‌ಕೆಎಫ್, ಎಫ್‌ಎಜಿ, ಜೈಪುರದ ಎನ್‌ಬಿಸಿ, ಎನ್‌ಎಸ್‌ಕೆ, ಎನ್‌ಟಿಎನ್ ಇವುಗಳಲ್ಲಿ ಯಾವುದಾದರೂ ಸರಿ, ನಂಬರ್ ಮತ್ತು ಸಿ3 ಹೊಂದಿಕೆಯಾದರೆ ಸಾಕು. ಬೇರೆ ಮೋಟರ್‌ಸೈಕಲ್ ಕಂಪನಿಯ ಪೊಟ್ಟಣದಲ್ಲಿ ಬಂದ ಬೇರಿಂಗನ್ನೂ ತೆರೆದು ನೋಡಿ, ಒಳಗೆ ಬಹಳಷ್ಟು ಸಲ ಇವರದೇ ಹೆಸರು ಇರುತ್ತದೆ.

ಆಯಿಲ್ ಸೀಲಿಗೂ ಇದೇ ದಾರಿ. ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ: ಶಾಫ್ಟಿನ ಅಳತೆ, ಹೊರವ್ಯಾಸ, ಅಗಲ. ಟೂ-ಸ್ಟ್ರೋಕಿಗೆ ಸಿಕ್ಕರೆ ವೈಟಾನ್ ಸೀಲ್ ಕೇಳಿ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೂ ಬಿಸಿಗೂ ಅದು ಮಾಮೂಲಿ ನೈಟ್ರೈಲ್ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ.

ಕಷ್ಟ ಇರುವುದು ರಾಡ್ ಕಿಟ್, ಕ್ರ್ಯಾಂಕ್ ಪಿನ್ (ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಸೇರಿಸುವ ಪಿನ್), ರೋಲರ್ ವಿಷಯದಲ್ಲಿ. ಇವು ಗಾಡಿಗೇ ಮಾಡಿದವು. ಬೆಂಗಳೂರಿನ ಜೆ.ಸಿ. ರಸ್ತೆ, ಮೈಸೂರಿನ ಹಳೆಯ ಜಾವಾ ಮೆಕ್ಯಾನಿಕ್‌ಗಳು, ದೆಹಲಿಯ ಕರೋಲ್ ಬಾಗ್ ಇಲ್ಲೆಲ್ಲ ಹುಡುಕಬಹುದು. ಸಣ್ಣ ಕಾರ್ಖಾನೆಗಳು ಮಾಡಿದ ಹೊಸ ಕಿಟ್ಟೂ ಸಿಗುತ್ತದೆ, ಹಳೆಯ ದಾಸ್ತಾನೂ ಅಪರೂಪಕ್ಕೆ ಸಿಗುತ್ತದೆ. ಕೊಳ್ಳುವ ಮುನ್ನ ಹಳೆಯ ಪಿನ್ನಿನ ವ್ಯಾಸ, ಉದ್ದ, ರಾಡಿನ ಎರಡು ಕಣ್ಣುಗಳ ನಡುವಿನ ದೂರ ಇಷ್ಟನ್ನು ಹೊಸದರ ಜೊತೆ ಹೋಲಿಸಿ. ಪಿನ್ನಿನ ಮೈಮೇಲೆ ಒಳ್ಳೆಯ ಅರವನ್ನು ಎಳೆದು ನೋಡಿ. ಗಟ್ಟಿ ಮಾಡಿದ ಪಿನ್ ಮೇಲೆ ಅರ ಜಾರುತ್ತದೆ, ಮೆತ್ತಗಿನದರಲ್ಲಿ ಗೀರು ಬೀಳುತ್ತದೆ. ಈ ಪರೀಕ್ಷೆಯನ್ನು ಪಿನ್ನಿನ ತುದಿಯಲ್ಲಿ ಮಾಡಿ, ರೋಲರ್ ಓಡುವ ಜಾಗದಲ್ಲಿ ಬೇಡ.

ನಕಲಿ ಬೇರಿಂಗನ್ನು ಬರೀ ಪೊಟ್ಟಣ ನೋಡಿ ಗುರುತಿಸುವುದು ಕಷ್ಟ. ನಂಬರ್ ಇರುವ ಜಾಗವನ್ನು ಥಿನ್ನರ್ ಹಾಕಿದ ಬಟ್ಟೆಯಿಂದ ಉಜ್ಜಿ, ಬರಹ ಅಳಿಸಿಹೋದರೆ ಬಿಟ್ಟುಬಿಡಿ. ಎಸ್‌ಕೆಎಫ್‌ನ ಅಥೆಂಟಿಕೇಟ್, ಎಫ್‌ಎಜಿ ಬೇರಿಂಗಿಗೆ ಶೆಫ್ಲರ್‌ನ ಒರಿಜಿನ್‌ಚೆಕ್ ಎಂಬ ಆ್ಯಪ್‌ಗಳಿವೆ, ಅಂಗಡಿಯಲ್ಲೇ ನಿಂತು ಪರೀಕ್ಷಿಸಬಹುದು. ಹಳೆಯ ಬೇರಿಂಗನ್ನು ಪಾಲಿಶ್ ಮಾಡಿ ಹೊಸದೆಂದು ಮಾರುವುದೂ ಇದೆ. ಇದಕ್ಕೆ ಮೈಕ್ರೋಮೀಟರ್ ಒಳ್ಳೆಯ ಸಾಕ್ಷಿ: 62 ಮಿ.ಮೀ. ಹೊರವ್ಯಾಸದ ಬೇರಿಂಗ್ 61.987ರಿಂದ 62.000 ಒಳಗೇ ಇರಬೇಕು. ಪಾಲಿಶ್ ಮಾಡಿದ್ದು ಇದಕ್ಕಿಂತ ಕೆಳಗಿಳಿದಿರುತ್ತದೆ.

ಪ್ರಶ್ನೆ: ಬೇರಿಂಗನ್ನು ಕೇಸಿಗೆ ಸುತ್ತಿಗೆಯಿಂದ ಹೊಡೆದು ಕೂರಿಸುವುದನ್ನೇ ನೋಡಿದ್ದೇನೆ. ಬೇರೆ ವಿಧಾನ ಇದೆಯೇ? ಮನೆಯಲ್ಲೇ ಮಾಡಬಹುದೇ? – ಓದುಗರು, ಹಾಸನ

ಉತ್ತರ: ಮಾಡಬಹುದು, ಸುತ್ತಿಗೆಯೇ ಬೇಡ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 62 ಮಿ.ಮೀ. ತೂತಿರುವ ಕೇಸನ್ನು ಕೋಣೆಯ ಬಿಸಿಗಿಂತ 80 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು ಸುಮಾರು 0.11 ಮಿ.ಮೀ. ದೊಡ್ಡದಾಗುತ್ತದೆ. ಬೇರಿಂಗ್ ಕೂರುವ ಬಿಗಿ ಇದರ ಅರ್ಧವೂ ಇರುವುದಿಲ್ಲ. ಅಂದರೆ ಬೇರಿಂಗ್ ತಾನಾಗಿಯೇ ಕೆಳಗೆ ಜಾರುತ್ತದೆ.

ಮೊದಲು ಕೇಸ್ ಬಿಡಿಸುವುದು. ಸ್ಕ್ರೂಗಳನ್ನು ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ತಲೆ ಸವೆದ ಸ್ಕ್ರೂಗೆ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಎರಡು ಕೇಸಿನ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಅಲ್ಲಿ ಬಿದ್ದ ಒಂದು ಗೀರು ಟೂ-ಸ್ಟ್ರೋಕಿನಲ್ಲಿ ಗಾಳಿ ಸೋರುವ ದಾರಿಯಾಗುತ್ತದೆ. ಶಿಮ್ ವಾಷರ್‌ಗಳಿದ್ದರೆ ಯಾವ ಬದಿ, ಎಷ್ಟು ಎಂದು ಬರೆದಿಟ್ಟುಕೊಳ್ಳಿ.

ಸೀಲುಗಳನ್ನೂ ರಬ್ಬರ್ ಇರುವ ಎಲ್ಲವನ್ನೂ ತೆಗೆದು, ಕೇಸನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಕೇಸನ್ನು ಕಾಯಿಸಿದರೆ ಬೆಂಕಿಯ ಅಪಾಯವಿದೆ. ಆಮೇಲೆ ಅಡುಗೆಗೆ ಬಳಸದ ಓವನ್ನಿನಲ್ಲಿ 100ರಿಂದ 110 ಡಿಗ್ರಿಗೆ ಮುಕ್ಕಾಲು ಗಂಟೆ ಇಡಿ. ವಿದ್ಯುತ್ ಒಲೆಯ ಮೇಲೆ ದಪ್ಪ ತಗಡು ಇಟ್ಟು ಕಾಯಿಸಿದರೂ ಆದೀತು. ಒಂದು ಹನಿ ನೀರು ಬಿದ್ದ ಕೂಡಲೇ ಚುರ್ ಎಂದು ಆರಿದರೆ ಬಿಸಿ ಸಾಕು. ಗ್ಯಾಸ್ ಟಾರ್ಚನ್ನು ಒಂದೇ ಜಾಗಕ್ಕೆ ಹಿಡಿದರೆ ಕೇಸ್ ಸೊಟ್ಟಗಾಗುತ್ತದೆ. ಬಿಸಿಯಾದ ಕೇಸನ್ನು ಮರದ ಹಲಗೆಯ ಮೇಲೆ ಬೋರಲು ತಟ್ಟಿದರೆ ಹಳೆಯ ಬೇರಿಂಗ್ ಉದುರುತ್ತದೆ. ಹಿಂದೆ ಮುಚ್ಚಿರುವ ಜಾಗದಲ್ಲಿ ಕೂತ ಬೇರಿಂಗ್ ಬರದಿದ್ದರೆ ಒಳಗಿನಿಂದ ಹಿಡಿಯುವ ಪುಲ್ಲರ್ ಬೇಕು.

ಹೊಸ ಬೇರಿಂಗನ್ನು ಹಿಂದಿನ ರಾತ್ರಿಯೇ ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಕೇಸ್ ಹೊರಗೆ ಬಂದ ಕೂಡಲೇ ಬೇರಿಂಗನ್ನು ನೆಟ್ಟಗೆ ಹಿಡಿದು ಬಿಡಿ. ಓರೆಯಾಗಿ ಸಿಕ್ಕಿಕೊಂಡರೆ ಹೊಡೆಯಬೇಡಿ, ತೆಗೆದು ಕೇಸನ್ನು ಮತ್ತೆ ಕಾಯಿಸಿ. ತಳ ಮುಟ್ಟಿದ ಮೇಲೆ ತಣಿಯುವವರೆಗೆ ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಸ್ವಲ್ಪ ಮೇಲೆದ್ದು ಕೂರುತ್ತದೆ. ಒತ್ತಲೇಬೇಕಾಗಿ ಬಂದರೆ ಕೇಸಿಗೆ ಕೂರಿಸುವಾಗ ಹೊರ ರೇಸನ್ನು ಮಾತ್ರ, ಶಾಫ್ಟಿಗೆ ಕೂರಿಸುವಾಗ ಒಳ ರೇಸನ್ನು ಮಾತ್ರ. ತಪ್ಪು ರೇಸಿಗೆ ಕೊಟ್ಟ ಪೆಟ್ಟು ಗುಂಡುಗಳ ಮೂಲಕ ಹಾದು, ಗುಂಡಿದ್ದ ಕಡೆಯೆಲ್ಲ ರೇಸಿನಲ್ಲಿ ಸಣ್ಣ ತಗ್ಗು ಬೀಳಿಸುತ್ತದೆ. ಆ ಬೇರಿಂಗ್ ಮೊದಲ ಕಿಕ್ಕಿನಲ್ಲೇ ಸದ್ದು ಮಾಡುತ್ತದೆ, ಜನ ಬೇರಿಂಗಿನ ಕಂಪನಿಯನ್ನು ಬೈಯುತ್ತಾರೆ.

ಕ್ರ್ಯಾಂಕನ್ನು ಬೇರಿಂಗಿನೊಳಗೆ ಕೂರಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕ್ರ್ಯಾಂಕ್ ತುದಿಗೆ ಸುತ್ತಿಗೆಯ ಜೋರು ಪೆಟ್ಟು ಬಿದ್ದರೆ ಎರಡು ಕ್ರ್ಯಾಂಕ್ ವೀಲ್‌ಗಳು ಪಿನ್ ಬಳಿ ತಿರುಚಿಕೊಳ್ಳುತ್ತವೆ, ನೇರ ಮಾಡಿಸಿದ ಖರ್ಚೆಲ್ಲ ವ್ಯರ್ಥ. ಒಳ ರೇಸನ್ನು ಬಿಸಿ ಮಾಡಿ ಜಾರಿಸಿ, ಇಲ್ಲವೇ ನಟ್ಟು ಮತ್ತು ಕೊಳವೆ ಬಳಸಿ ಎಳೆದು ಕೂರಿಸಿ. ಬೇರಿಂಗನ್ನು 120 ಡಿಗ್ರಿ ದಾಟಿಸಬೇಡಿ, ಗುಂಡುಗಳನ್ನು ಹಿಡಿದಿಡುವ ಕೇಜ್ ನೈಲಾನಿನದಾಗಿದ್ದರೆ 100 ಡಿಗ್ರಿಯೇ ಸಾಕು. ಕೇಸ್ ಜೋಡಿಸಿದ ಮೇಲೆ ಕ್ರ್ಯಾಂಕಿನ ಎರಡೂ ತುದಿಯನ್ನು ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬೆರಳಲ್ಲೇ ತಿರುಗಬೇಕು. ಬಿಗಿಯೆನಿಸಿದರೆ ಮುಂದುವರಿಯಬೇಡಿ. ಬೇರಿಂಗಿಗೂ ರಾಡಿಗೂ ಆಯಿಲ್ ಹನಿಸಿ, ಸೀಲಿನ ತುಟಿಗೆ ಗ್ರೀಸ್ ಸವರಿಯೇ ಮುಚ್ಚಿ.

ಪ್ರಶ್ನೆ: ಬೇರಿಂಗ್ ಕೇಸಿನಲ್ಲಿ ಲೂಸ್ ಆಗಿತ್ತು. ಮೆಕ್ಯಾನಿಕ್ ಸುತ್ತಲೂ ಪಂಚ್ ಹೊಡೆದು ಟೈಟ್ ಮಾಡಿಕೊಟ್ಟರು. ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಸದ್ದು. – ಓದುಗರು, ಚಿಕ್ಕಮಗಳೂರು

ಉತ್ತರ: ಪಂಚ್ ಹೊಡೆದಾಗ ಬೇರಿಂಗ್ ಕೂರುವುದು ಹತ್ತಾರು ಚುಕ್ಕಿಗಳ ಮೇಲೆ. ಎಂಜಿನ್ ಬಿಸಿಯಾಗಿ ಕೇಸ್ ಹಿಗ್ಗಿದಾಗ ಆ ಚುಕ್ಕಿಗಳು ಚಪ್ಪಟೆಯಾಗಿ ಹೊರ ರೇಸ್ ಮತ್ತೆ ತಿರುಗತೊಡಗುತ್ತದೆ. ಜೊತೆಗೆ ಬೇರಿಂಗ್ ನಡುವಿನಿಂದ ಸರಿದು ಕೂತಿರುವ ಸಾಧ್ಯತೆ ಹೆಚ್ಚು.

ತೂತನ್ನು ಬೋರ್ ಗೇಜಿನಿಂದ ಅಳೆಸಿ. ಸಡಿಲ 0.1 ಮಿ.ಮೀ. ಒಳಗಿದ್ದು ತೂತು ದುಂಡಗೇ ಇದ್ದರೆ ಲಾಕ್‌ಟೈಟ್ 641ರಂಥ ಬೇರಿಂಗ್ ಅಂಟು ಸಾಕಾಗುತ್ತದೆ. ಎರಡೂ ಮೈಯನ್ನು ಅಸಿಟೋನಿನಿಂದ ಎಣ್ಣೆಯಂಶ ಉಳಿಯದಂತೆ ಒರೆಸಿ, ತೆಳುವಾಗಿ ಹಚ್ಚಿ, ಒಂದು ದಿನ ಮುಟ್ಟದೆ ಬಿಡಿ. ಅಂಟು ಗುಂಡಿನ ಕಡೆಗೆ ಹರಿಯಬಾರದು, ಆಯಿಲ್ ತೂತನ್ನೂ ಮುಚ್ಚಬಾರದು. ಇದಕ್ಕಿಂತ ಹೆಚ್ಚು ಸವೆದಿದ್ದರೆ ತೂತು ದೊಡ್ಡದು ಮಾಡಿಸಿ ಬುಷ್ (ಲೋಹದ ಬಳೆ) ಹಾಕಿಸಬೇಕು. ಲೇತ್‌ನವರಿಗೆ ಒಂದು ಷರತ್ತು ಹೇಳಿ: ಎರಡೂ ಕೇಸನ್ನು ಡೋವೆಲ್ ಪಿನ್ ಸಮೇತ ಬೋಲ್ಟ್ ಮಾಡಿ, ಎದುರು ಬದಿಯ ಒಳ್ಳೆಯ ತೂತಿಗೆ ಡಯಲ್ ಗೇಜ್ ಹಿಡಿದು ನಡು ಹಿಡಿದ ಮೇಲೆಯೇ ಬೋರ್ ಮಾಡಬೇಕು. ಒಂದೊಂದೇ ಕೇಸ್ ಹಿಡಿದು ಅಂದಾಜಿನಲ್ಲಿ ಬೋರ್ ಮಾಡಿದರೆ ಎರಡು ಬೇರಿಂಗ್ ಒಂದೇ ಸಾಲಿನಲ್ಲಿ ಬರುವುದಿಲ್ಲ. ಆ ಕೆಲಸ ಮಾಡಲಾಗದ ಲೇತ್ ಆದರೆ, ಒಳ್ಳೆಯ ಸೆಕೆಂಡ್‌ಹ್ಯಾಂಡ್ ಜೋಡಿ ಕೇಸ್ ಹುಡುಕುವುದೇ ಮೇಲು. ಎಡ ಬಲ ಎರಡೂ ಒಂದೇ ಎಂಜಿನ್ನಿನವಾಗಿರಲಿ. ಎಂಜಿನ್ ನಂಬರ್ ಇರುವ ಕೇಸ್ ಬದಲಾದರೆ ಆರ್‌ಟಿಒ ದಾಖಲೆಯಲ್ಲೂ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಸ್ಪ್ಲೆಂಡರಿಗೆ ರಾಡ್ ಕಿಟ್ ಹಾಕಿಸಿದ ಸ್ವಲ್ಪ ಸಮಯಕ್ಕೇ ಮತ್ತೆ ಅದೇ ಟಕ್ ಟಕ್. ಎರಡು ಬಾರಿ ಹೀಗಾಯಿತು. ಕಿಟ್ಟೇ ಕಳಪೆಯೋ? – ಓದುಗರು, ಗದಗ

ಉತ್ತರ: ಕಿಟ್ ಕಳಪೆ ಇರಬಹುದು, ಆದರೆ ಎರಡೂ ಬಾರಿ ಹಾಗಾಗಿದ್ದರೆ ಆಯಿಲ್ ದಾರಿಯನ್ನು ಮೊದಲು ಅನುಮಾನಿಸಿ. ಹೊರಬಂದ ರಾಡಿನ ಕೆಳಗಣ್ಣು ನೀಲಿ ಬಣ್ಣಕ್ಕೆ ತಿರುಗಿದೆಯೇ? ತಿರುಗಿದ್ದರೆ ಆಯಿಲ್ ತಲುಪಿಲ್ಲ ಎಂದೇ ಅರ್ಥ.

ಈ ಎಂಜಿನ್ನಿನಲ್ಲಿ ಆಯಿಲ್ ಕ್ರ್ಯಾಂಕಿನ ತುದಿಯಿಂದ ಹೊಕ್ಕು, ಕ್ರ್ಯಾಂಕ್ ವೀಲಿನ ಸಣ್ಣ ದಾರಿಯ ಮೂಲಕ ಪಿನ್ನಿನೊಳಗೆ ಹೋಗಿ, ಪಿನ್ನಿನ ತೂತಿನಿಂದ ನೀಡಲ್ ಬೇರಿಂಗಿಗೆ ಬರುತ್ತದೆ. ಹೊಸ ಪಿನ್ ಪ್ರೆಸ್ ಮಾಡುವಾಗ ಅದರ ತೂತು ವೀಲಿನ ದಾರಿಗೆ ಸರಿಯಾಗಿ ಎದುರು ಬರದಿದ್ದರೆ ಆಯಿಲ್ ಅಲ್ಲಿಗೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಕ್ರ್ಯಾಂಕ್ ಚೆಂದವಾಗಿಯೇ ಕಾಣುತ್ತದೆ. ಪ್ರೆಸ್ ಆದ ಕ್ರ್ಯಾಂಕ್ ಕೈಗೆ ಬಂದ ಕೂಡಲೇ ಸಿರಿಂಜಿನಿಂದ ಕ್ರ್ಯಾಂಕ್ ತುದಿಯ ತೂತಿಗೆ ಆಯಿಲ್ ಒತ್ತಿ. ರಾಡಿನ ಕೆಳಗಣ್ಣಿನ ಎರಡೂ ಬದಿಯಿಂದ ಆಯಿಲ್ ಜಿನುಗಬೇಕು. ಜಿನುಗದಿದ್ದರೆ ಅದನ್ನು ಎಂಜಿನ್ನಿಗೆ ಹಾಕಲೇಬೇಡಿ. ಈ ಒಂದು ಪರೀಕ್ಷೆಯನ್ನು ಬಿಟ್ಟೇ ಎಷ್ಟೋ ಕಿಟ್‌ಗಳು ಹಾಳಾಗುತ್ತಿವೆ.

ಕ್ಲಚ್ ಬದಿಯಲ್ಲಿ ಕ್ರ್ಯಾಂಕ್ ತುದಿಗೆ ಕೂತಿರುವ ಬಟ್ಟಲಿನಂಥ ಫಿಲ್ಟರನ್ನು ಬಿಚ್ಚಿ ಒಳಗಿನ ಕಪ್ಪು ಗಸಿಯನ್ನು ತೆಗೆಯಿರಿ, ಜಾಲರಿಯನ್ನೂ ತೊಳೆಯಿರಿ. ಹಿಂದಿನ ಬೇರಿಂಗ್ ಪುಡಿಯಾದಾಗ ಉದುರಿದ ಉಕ್ಕಿನ ಚೂರುಗಳು ಇಲ್ಲೂ, ಕೇಸಿನ ಆಯಿಲ್ ದಾರಿಯಲ್ಲೂ, ಪಂಪಿನಲ್ಲೂ ಉಳಿದಿರುತ್ತವೆ. ದಾರಿಗಳಿಗೆ ಗಾಳಿ ಹೊಡೆಯಿಸಿ. ಪಂಪಿನ ರೋಟರಿನಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ಬದಲಿಸಿ. ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಪೇಸ್ಟ್ ಧಾರಾಳವಾಗಿ ಬಳಿದರೆ ಅದರ ಎಳೆಗಳು ಕಿತ್ತು ಬಂದು ಜಾಲರಿ ಮುಚ್ಚುತ್ತವೆ. ಕಟ್ಟಿದ ಮೇಲೆ ಮೊದಲ ಆಯಿಲನ್ನು 500 ಕಿ.ಮೀ. ಒಳಗೇ ಬದಲಿಸಿ.

ಕ್ರ್ಯಾಂಕಿನ ನೇರವನ್ನೂ ಕೇಳಿ ಪಡೆಯಿರಿ. ಪ್ರೆಸ್ ಮಾಡಿದ ಮೇಲೆ ಸೆಂಟರುಗಳ ನಡುವೆ ಅಥವಾ ವಿ-ಬ್ಲಾಕ್ ಮೇಲಿಟ್ಟು, ಬೇರಿಂಗ್ ಕೂರುವ ಜಾಗಕ್ಕೆ ಡಯಲ್ ಗೇಜ್ ಹಿಡಿದು ತಿರುಗಿಸಿದಾಗ ಮುಳ್ಳು 0.03 ಮಿ.ಮೀ. ಒಳಗೆ ಆಡಬೇಕು. 0.05 ದಾಟಿದ್ದನ್ನು ವಾಪಸ್ ಕೊಡಿ. ಕಣ್ಣಳತೆಯಲ್ಲಿ ಪಟ್ಟಿ ಇಟ್ಟು ನೋಡಿದೆ ಎಂದರೆ ಒಪ್ಪಬೇಡಿ. ಪಿನ್ ಪ್ರೆಸ್ಸಿನಲ್ಲಿ ಹಗುರಾಗಿ ಒಳಗೆ ಹೋಯಿತು ಎಂದು ತಿಳಿದರೆ, ಹಲವು ಬಾರಿ ಬಿಚ್ಚಿ ಕೂರಿಸಿ ವೀಲಿನ ತೂತು ಸವೆದಿದೆ ಎಂದರ್ಥ. ಅದಕ್ಕೆ ವೆಲ್ಡಿಂಗ್ ಚುಕ್ಕಿ ಇಡಿಸುವ ಬದಲು ಪೂರ್ತಿ ಕ್ರ್ಯಾಂಕ್ ತರುವುದೇ ಒಳ್ಳೆಯದು. ಈಗಲೂ ಓಡುತ್ತಿರುವ ಮಾಡೆಲ್ ಆದ್ದರಿಂದ ನಿಮಗೆ ಅದು ಸುಲಭವಾಗಿ ಸಿಗುತ್ತದೆ.

ಪ್ರಶ್ನೆ: ಹಳೆಯ ಎರಕದ ಕಬ್ಬಿಣದ ಬುಲೆಟ್ 350ರಲ್ಲಿ ರಾಡಿಗೆ ಬೇರಿಂಗ್ ಬದಲು ಬುಷ್ ಇದೆ. ರೋಲರ್ ಬೇರಿಂಗ್ ಮಾಡಿಸುವುದು ಒಳ್ಳೆಯದೇ? – ಓದುಗರು, ಬೆಳಗಾವಿ

ಉತ್ತರ: ಮಾಡಿಸಲೇಬೇಕೆಂದಿಲ್ಲ. ಅದು ತೇಲುವ ಬುಷ್. ಪಿನ್ನಿಗೂ ರಾಡಿಗೂ ನಡುವೆ ಆಯಿಲ್ ಪದರದ ಮೇಲೆ ತಾನೂ ತಿರುಗುತ್ತಿರುತ್ತದೆ. ಶುದ್ಧ 20ಡಬ್ಲ್ಯೂ-50 ಆಯಿಲ್ ನಿರಂತರ ಬರುತ್ತಿದ್ದರೆ ಬಹುಕಾಲ ಬಾಳುತ್ತದೆ, ಸದ್ದೂ ಕಡಿಮೆ. ಆಯಿಲ್ ತಪ್ಪಿದರೆ ಮಾತ್ರ ರೋಲರಿಗಿಂತ ಬೇಗ ಸಾಯುತ್ತದೆ. ಬುಷ್ ಪದೇ ಪದೇ ಹೋಗುತ್ತಿದ್ದರೆ ಟೈಮಿಂಗ್ ಕವರಿನೊಳಗಿನ ಕಾರ್ಕ್ ಸೀಲ್ ನೋಡಿ. ಪಂಪಿನಿಂದ ಕ್ರ್ಯಾಂಕಿಗೆ ಆಯಿಲ್ ದಾಟುವುದು ಅದರ ಮೂಲಕ. ಕವರ್ ಮುಚ್ಚಿದಾಗ ಅದು ಒತ್ತಿಕೊಳ್ಳದಿದ್ದರೆ ಆಯಿಲ್ ಪಕ್ಕಕ್ಕೆ ಸೋರಿ ಪಿನ್ನಿಗೆ ಹೋಗುವುದಿಲ್ಲ. ಪ್ರತಿ ಬಾರಿ ಕವರ್ ಬಿಚ್ಚಿದಾಗಲೂ ಹೊಸ ಕಾರ್ಕ್ ಹಾಕಿ. ಹೈವೇಯಲ್ಲಿ ದೂರದ ಓಡಾಟ ಇದ್ದರೆ ರೋಲರ್ ಕಿಟ್ ಪರವಾಗಿಲ್ಲ, ಆದರೆ ಮೇಲೆ ಹೇಳಿದ ಡಯಲ್ ಗೇಜಿನ ಲೆಕ್ಕ ಅಲ್ಲೂ ತಪ್ಪಬಾರದು.

ಪ್ರಶ್ನೆ: ಹಳೆಯ ಬೇರಿಂಗ್ ನೋಡಿ ಕಾರಣ ಹೇಳಬಹುದೇ? – ಓದುಗರು, ಕುಂದಾಪುರ

ಉತ್ತರ: ಹೇಳಬಹುದು, ಅದಕ್ಕೇ ಹಳೆಯದನ್ನು ಮೆಕ್ಯಾನಿಕ್ಕಿನ ಬಳಿ ಕೇಳಿ ತನ್ನಿ. ಕೇಜಿನ ರಿವೆಟ್ ಕತ್ತರಿಸಿ ಬಿಡಿಸಿ, ಕನ್ನಡಕ ಹಾಕಿಕೊಳ್ಳಿ. ರೇಸಿನ ಮೇಲೆ ಗುಂಡುಗಳಷ್ಟೇ ದೂರದಲ್ಲಿ ಸಾಲು ತಗ್ಗುಗಳಿದ್ದರೆ ಕೂರಿಸುವಾಗ ಸುತ್ತಿಗೆ ಬಿದ್ದಿದೆ. ಕಂದು ಕಲೆ, ಅದರ ಮೇಲೆ ಹಕ್ಕಳೆ ಎದ್ದ ಗುಳಿಗಳಿದ್ದರೆ ನೀರು. ಕರಾವಳಿಯಲ್ಲಿ ನಿಲ್ಲಿಸಿಟ್ಟ ಟೂ-ಸ್ಟ್ರೋಕುಗಳಲ್ಲಿ ಇದೇ ಹೆಚ್ಚು, ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಕಾರ್ಬುರೇಟರ್ ಖಾಲಿ ಮಾಡಿ, ಪ್ಲಗ್ ತೂತಿನಿಂದ ಎರಡು ಚಮಚ ಟೂಟಿ (ಟೂ-ಸ್ಟ್ರೋಕ್) ಆಯಿಲ್ ಹಾಕಿ ಕಿಕ್ ತಿರುಗಿಸಿಡಿ. ನೀಲಿ ಅಥವಾ ಒಣಹುಲ್ಲಿನ ಬಣ್ಣವಿದ್ದರೆ ಆಯಿಲ್ ಕೊರತೆ, ಇಲ್ಲವೇ ಸಿ3 ಇಲ್ಲದ ಬೇರಿಂಗ್. ಹೊರ ರೇಸಿನ ಹೊರಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಕೇಸಿನಲ್ಲಿ ತಿರುಗಿದೆ. ರೇಸಿನ ಉದ್ದಕ್ಕೂ ಸಮ ದೂರದ ಅಡ್ಡ ಪಟ್ಟಿಗಳು, ಬೂದು ಬಣ್ಣ ಕಂಡರೆ ಅದರ ಮೂಲಕ ಕರೆಂಟ್ ಹರಿದಿದೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಅರ್ತ್ ಕ್ಲಿಪ್ಪನ್ನು ವೆಲ್ಡ್ ಆಗುವ ಜಾಗದ ಪಕ್ಕದಲ್ಲೇ ಹಾಕಿಸಿ, ಎಂಜಿನ್ ಅಥವಾ ಚಕ್ರಕ್ಕೆ ಬೇಡ.

ಪ್ರಶ್ನೆ: ಚೈನ್ ಸ್ಪ್ರಾಕೆಟ್ ಬದಿಯ ಗೇರ್‌ಬಾಕ್ಸ್ ಬೇರಿಂಗ್ ಮಾತ್ರ ಪದೇ ಪದೇ ಹೋಗುತ್ತಿದೆ. – ಓದುಗರು, ರಾಯಚೂರು

ಉತ್ತರ: ಚೈನ್ ಅತಿ ಬಿಗಿಯಾಗಿದೆ. ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚಿ, ಬಿಗಿ ಚೈನ್ ಶಾಫ್ಟನ್ನೇ ಹಿಂದಕ್ಕೆ ಎಳೆಯುತ್ತದೆ. ಚೈನಿನ ಕೆಳಸಾಲಿನ ನಡುವೆ ಬೆರಳಿಟ್ಟು ಎತ್ತಿ ಇಳಿಸಿದಾಗ ಸುಮಾರು 25ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಚಕ್ರವನ್ನು ತಿರುಗಿಸುತ್ತಾ ಚೈನ್ ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಿರಿ, ಮೇಲೆ ಒಬ್ಬರು ಕೂತಿರುವಾಗ ಇನ್ನೊಮ್ಮೆ ನೋಡಿ. ಸ್ಪ್ರಾಕೆಟ್ ಹಿಂದಿನ ಸೀಲ್ ಸೋರುತ್ತಿದ್ದರೆ ಬೇರಿಂಗ್ ಜೊತೆ ಅದನ್ನೂ, ಒಳಗಿನ ಕಾಲರನ್ನೂ ಬದಲಿಸಿ. ಕಾಲರಿನ ಮೇಲೆ ಉಗುರಿಗೆ ಸಿಗುವ ತೋಡು ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ.